ಜಪಾನಿನ ಅಮ್ಮಂದಿರಿಗೆ ಬೇಕಾದ ‘ಇಂಡಿಯನ್ ಲೆಕ್ಕ’: ನಾವು ನಿಜಕ್ಕೂ ಅಷ್ಟು ಜಾಣರಾ?

ನಿಶಿಕಸಾಯ್ ನಿವಾಸಿ

ಟೋಕಿಯೊದಲ್ಲಿರೋ ಭಾರತೀಯರಿಗೆ ತಪ್ಪದೆ ಎದುರಾಗೋ ಪ್ರಶ್ನೆ ಒಂದಿದೆ: ‘ನಿಮ್ಮ ಮಕ್ಕಳಿಗೆ ಹತ್ತೊಂಬತ್ತರ ಮಗ್ಗಿ ತನಕ ಬಾಯಿಗೆ ಬರುತ್ತಂತೆ, ನಿಜವೇ?’ ಇಲ್ಲಿನ ಮಕ್ಕಳು ಎರಡನೇ ತರಗತಿಯಲ್ಲಿ ಕಲಿಯೋ ಮಗ್ಗಿ ಒಂಬತ್ತೊಂಬತ್ಲೆ ಎಂಬತ್ತೊಂದಕ್ಕೆ ಮುಗೀತು. ಆದ್ದರಿಂದ ನಾವೆಲ್ಲ ಗಣಿತದ ಪಂಡಿತರು ಅಂತ ಅವರ ಲೆಕ್ಕ. ಎದುರಿಗಿರೋನು ಅಡುಗೆಯವನೋ ಅಕೌಂಟೆಂಟೋ ಅಂತಾನೂ ವಿಚಾರಿಸಲ್ಲ. (ಇಲ್ಲಿನ ಇಂಡಿಯನ್ ಹೋಟೆಲುಗಳಲ್ಲಿ ಬಹಳಷ್ಟನ್ನ ನಡೆಸೋರು ನೇಪಾಳಿಗಳು. ಪಾಪ, ಅವರ ತಲೆಗೂ ಈ ಕಿರೀಟ.)

ಇದು ಹಳೇ ನಂಬಿಕೆಯೇನಲ್ಲ. 1998ರಲ್ಲಿ ರಜನೀಕಾಂತ್ ಅವರ ‘ಮುತ್ತು’ ಇಲ್ಲಿ ಬಿಡುಗಡೆಯಾಗಿ ಭರ್ಜರಿ ಓಡಿತು. ಆಗ ಇಂಡಿಯಾ ಅಂದ್ರೆ ಹಾಡು, ಕುಣಿತ, ಕುದುರೆಗಾಡಿ. ಹತ್ತು ವರ್ಷ ತುಂಬೋದ್ರೊಳಗೆ, 2007–08ರ ಹೊತ್ತಿಗೆ, ಪುಸ್ತಕದಂಗಡಿಗಳಲ್ಲಿ ‘ಇಂಡಿಯಾ ಶೈಲಿಯ ಲೆಕ್ಕ’ ಕಲಿಸೋ ಪುಸ್ತಕಗಳ ಸಾಲು. ಇಂಡಿಯನ್ ಸ್ಕೂಲುಗಳಿಗೆ ಜಪಾನಿ ಅಪ್ಪ ಅಮ್ಮಂದಿರು ಮಕ್ಕಳನ್ನ ಸೇರಿಸೋಕೆ ಬಂದ್ರು. ಈ ಹತ್ತು ವರ್ಷದಲ್ಲಿ ನಮ್ಮ ಮೆದುಳಂತೂ ಬೆಳೆದಿರಲಿಲ್ಲ. ಆಗಿದ್ದು ಬೇರೆ. 2000ದ ಆಚೀಚೆ ವೈಟುಕೆ (ಕಂಪ್ಯೂಟರುಗಳಲ್ಲಿ 2000ನೇ ಇಸವಿಯ ತಾರೀಖಿನ ತೊಡಕು ಸರಿಪಡಿಸೋ) ಕೆಲಸಕ್ಕೆ ಬಂದ ಎಂಜಿನಿಯರುಗಳು ಟೋಕಿಯೊದ ಈ ನಿಶಿಕಸಾಯ್‌ನಲ್ಲಿ ಮನೆ ಮಾಡಿದ್ರು. ಬ್ಯಾಂಕುಗಳಿರೋ ಓತೆಮಾಚಿಗೆ ತೋಜಾಯ್ ಲೈನಿನಲ್ಲಿ ನೇರ ರೈಲು ಇದೆ ಅನ್ನೋದೇ ಮುಖ್ಯ ಕಾರಣ. ಅದೇ ಸಮಯಕ್ಕೆ ಪೀಸಾ ಪರೀಕ್ಷೆಯ (ಹದಿನೈದು ವರ್ಷದ ಮಕ್ಕಳಿಗೆ ಒಇಸಿಡಿ ನಡೆಸೋದು) ಗಣಿತದಲ್ಲಿ ಜಪಾನ್ ಜಾರತೊಡಗಿತು. 2000ದಲ್ಲಿ ಮೊದಲನೇ ಸ್ಥಾನ, 2003ರಲ್ಲಿ ಆರು, 2006ರಲ್ಲಿ ಹತ್ತು. ದೇಶವೇ ಮುಳುಗಿತು ಅನ್ನೋ ಹಾಗೆ ಗೋಳಾಟ.

ಗಾಬರಿಯಾದವರಿಗೆ ಯಾರಾದರೊಬ್ಬ ಜಾಣ ಬೇಕಿತ್ತು, ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ನಾವು ಸಿಕ್ಕಿದ್ವಿ ಅಂತ ನನ್ನ ಅನಿಸಿಕೆ. ಬೇರೆ ದೇಶಗಳಲ್ಲಿ ಹೇಗೆ? ಸಿನಿಮಾ, ಟೀವಿಯ ಪಾಲು ಎಷ್ಟು?

ಗಾಂಧಿಬಜಾರ್ ಗುಂಡಣ್ಣ

ಇದರಲ್ಲಿ ಚರ್ಚೆ ಮಾಡೋಕೇನಿದೆ ಸ್ವಾಮಿ? ಸೊನ್ನೆ ಕೊಟ್ಟವರು ನಾವು. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲೇ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಆಗ ಜಪಾನಿನವರಿಗೆ ಮಗ್ಗಿ ಗೊತ್ತಿತ್ತಾ? ರಾಮಾನುಜನ್, ನಮ್ಮ ಬೆಂಗಳೂರಿನ ಶಕುಂತಲಾ ದೇವಿ, ಇವರೆಲ್ಲ ಏನು ಕೋಚಿಂಗ್ ಸೆಂಟರಿಗೆ ಹೋಗಿದ್ರಾ? ರಕ್ತದಲ್ಲಿದೆ ರೀ. ಹೊಗಳಿದರೂ ಅನುಮಾನ ಪಡೋದು ನಮ್ಮವರ ರೋಗ.

ನಿಶಿಕಸಾಯ್ ನಿವಾಸಿ

ಗುಂಡಣ್ಣನವರೇ, ಗೊತ್ತಿತ್ತು. ಚೀನಾದಿಂದ ಬಂದ ಮಗ್ಗಿ ಎಂಟನೇ ಶತಮಾನಕ್ಕೇ ಇಲ್ಲಿ ಬಳಕೆಯಲ್ಲಿತ್ತು. ಆ ಕಾಲದ ‘ಮಾನ್ಯೋಶೂ’ ಕವನ ಸಂಕಲನದಲ್ಲಿ ಮಗ್ಗಿ ಬಳಸಿಕೊಂಡ ಅಕ್ಷರದ ಆಟಗಳೇ ಇವೆ. ಮಹಾವೀರಾಚಾರ್ಯರಿಗಿಂತ ಹಿಂದಿನ ಮಾತು.

ಧಾರವಾಡದ ಮಾಸ್ತರ

ಗುಂಡಣ್ಣಾವ್ರ, ರಕ್ತದಾಗ ಇದ್ದಿದ್ರ ನನ್ನ ಐದನೆತ್ತೆ ಹುಡುಗೂರು ಭಾಗಾಕಾರ ಅಂದ ಕೂಡಲೆ ನೀರು ಕುಡ್ಯಾಕ ಯಾಕ ಓಡ್ತಿದ್ವು?

ಪೀಸಾ ಮಾತು ಬಂತು, ಹೇಳೇ ಬಿಡ್ತೀನಿ. 2009ರ ಸುತ್ತಿನಾಗ ನಮ್ಮ ದೇಶದಿಂದ ತಮಿಳುನಾಡು, ಹಿಮಾಚಲ ಎರಡು ರಾಜ್ಯ ಕುಂತಿದ್ವು. ಗಣಿತದಾಗ ಒಟ್ಟ 74ರೊಳಗ ಕಟ್ಟಕಡೀಗಿ ಕಿರ್ಗಿಸ್ತಾನ, ಅದರ ಮ್ಯಾಲಿನ ಎರಡೂ ನಮ್ವು. ಇವು ಹಿಂದುಳಿದ ರಾಜ್ಯ ಅಲ್ರಿ ಮತ್ತ, ಶಾಲಿ ಚಲೋ ಅದಾವು ಅಂತ ಹೆಸರಾದ ರಾಜ್ಯ. ಪ್ರಶ್ನಿಗೋಳು ನಮ್ಮ ಹುಡುಗರ ಬದುಕಿಗೆ ಹೊಂದೂದಿಲ್ಲ ಅಂತ ಸರಕಾರ ಹೇಳ್ತು. ಅದರಾಗ ಒಂದೀಟು ಖರೇನೂ ಐತಿ. ಆದ್ರ ಆವತ್ತಿಂದ ಆ ಪರೀಕ್ಷಾದ ಹತ್ರನ ಸುಳಿದಿಲ್ಲ ನಾವು. ಫಲಿತಾಂಶ ಬಂದಿದ್ದು 2011ರ ಕಡೀಗಿ. ಜಪಾನಿನ ತಾಯಂದಿರು ‘ಇಂಡಿಯನ್ ಲೆಕ್ಕ’ದ ಪುಸ್ತಕ ಕೊಂಡಿದ್ದು ಅದಕ್ಕಿಂತ ಮೊದಲ. ಪುಣ್ಯಾಕ್ಕ ಎರಡನ್ನೂ ಯಾರೂ ಒಂದ ಮೇಜಿನ ಮ್ಯಾಲ ಇಟ್ಟು ನೋಡ್ಲಿಲ್ಲ.

ಇನ್ನ ಮಗ್ಗಿ. ನಮ್ಮ ಅಜ್ಜಗ ಮೂವತ್ತರ ತನಕ ಬರ್ತಿತ್ತು. ಅದರ ಜೋಡಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಅವ ಏನ್ ಗಣಿತಜ್ಞ ಅಲ್ಲ, ಕಿರಾಣಿ ಅಂಗಡ್ಯಾಗ ಕುಂದರ್ತಿದ್ದ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಕು ಪೈಸೆ, ಸೇರು, ಪಾವಸೇರು. ಇವನ್ನೆಲ್ಲ ಬಾಯಾಗ ಕೂಡಿಸಿ ಕಳೀಬೇಕಂದ್ರ ಹದಿನಾರರ ಮಗ್ಗಿ ನಾಲಿಗಿ ಮ್ಯಾಲ ಇರಬೇಕು. 1957ಕ್ಕ ದಶಮಾಂಶದ ನಾಣ್ಯ ಬಂದು ಆ ಗರಜು ಹೋತು. ಮಗ್ಗಿ ಮಾತ್ರ ಸಾಲ್ಯಾಗ ಉಳೀತು, ಬೆತ್ತದ ಜೋಡಿ. ವ್ಯಾಪಾರದ ಗರಜಿಗೆ ಕಲ್ತಿದ್ದನ್ನ ಈಗ ಬುದ್ಧಿವಂತಿಕಿ ಅಂತ ಜಪಾನಿನಾಗ ಮಾರಾಕತ್ಯಾರ.

ಡಲ್ಲಾಸ್ ದಾಸಯ್ಯ

ಅಮೆರಿಕದಲ್ಲಿ ಈ ಕತೆ ಇನ್ನೂ ಸ್ಪಷ್ಟ, ಯಾಕಂದ್ರೆ ಕಾನೂನಿನ ತಾರೀಖು ಹಿಡಿದು ಹೇಳಬಹುದು.

1907ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲುಗಳಲ್ಲಿ ದುಡೀತಿದ್ದ ಪಂಜಾಬಿಗಳನ್ನ ದೊಂಬಿ ಮಾಡಿ ಊರು ಬಿಡಿಸಿದ್ರು. ಆಗ ಭಾರತೀಯ ಅಂದ್ರೆ ಕಡಿಮೆ ಕೂಲಿಗೆ ದುಡಿಯೋ, ಕೊಳಕಾದ, ಓದು ಬರಹ ಇಲ್ಲದ ಮನುಷ್ಯ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಇಲ್ಲ ಅಂತು. 1946ರಲ್ಲಿ ಬಾಗಿಲು ತೆರೆದಾಗಲೂ ವರ್ಷಕ್ಕೆ 100 ಜನ, ಅಷ್ಟೇ. ಆಮೇಲೆ 1965ರ ವಲಸೆ ಕಾನೂನು. ಅದು ದೇಶವಾರು ಕೋಟಾ ತೆಗೆದು, ಕಸುಬು ಬಲ್ಲವರಿಗೆ ದಾರಿ ಮಾಡಿಕೊಡ್ತು. ಬಂದವರು ಡಾಕ್ಟರು, ಎಂಜಿನಿಯರು, ಪಿಎಚ್‌ಡಿಯವರು. 1990ರ ಕಾನೂನಿನಿಂದ ಎಚ್‌ಒನ್‌ಬಿ ವೀಸಾ, ವರ್ಷಕ್ಕೆ 65,000 ಅಂತ ಮಿತಿ. ಈಚಿನ ವರ್ಷಗಳಲ್ಲಿ ಅದು ಸಿಗೋದು ಹತ್ತರಲ್ಲಿ ಏಳು ಜನ ಭಾರತೀಯರಿಗೆ. ಜರಡಿ ಹಿಡಿದು ದಪ್ಪ ಕಾಳನ್ನೇ ಆರಿಸಿಕೊಂಡು, ಆಮೇಲೆ ‘ಈ ಹೊಲದಲ್ಲಿ ದಪ್ಪ ಕಾಳೇ ಬೆಳೆಯುತ್ತೆ’ ಅನ್ನೋದು! ನೂರಿಪ್ಪತ್ತು ಕೋಟಿ ದಾಟಿದ ದೇಶದ ಬುದ್ಧಿಯನ್ನ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಮನೆ ಮಾಡಿದ ನಮ್ಮಂಥವರನ್ನ ನೋಡಿ ಅಳೀತಾರೆ. ನಮಗೂ ಅದರಿಂದ ಒಳಗೊಳಗೇ ಖುಷಿ, ಇಲ್ಲ ಅನ್ನಲ್ಲ.

ಇನ್ನೊಂದು ವಿಷಯ ಗುಂಡಣ್ಣನವರಿಗೆ. ‘ರಕ್ತದಲ್ಲಿದೆ’ ಅನ್ನೋ ಮಾತನ್ನ ಇಲ್ಲಿ ವಿಜ್ಞಾನದ ಹೆಸರಲ್ಲೇ ಹೇಳಿದ್ರು. ಹೆನ್ರಿ ಗಾಡರ್ಡ್ ಅನ್ನೋ ಮನಃಶಾಸ್ತ್ರಜ್ಞ 1913ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ (ವಲಸಿಗರನ್ನ ತಪಾಸಣೆ ಮಾಡ್ತಿದ್ದ ಜಾಗ), ಹಡಗಿನಿಂದ ಇಳಿದು ತಲೆ ತಿರುಗ್ತಿದ್ದ ವಲಸಿಗರಿಗೆ ಬುದ್ಧಿ ಪರೀಕ್ಷೆ ಮಾಡಿಸಿದ. ಪರೀಕ್ಷೆ ಕೊಟ್ಟ ಯಹೂದಿಗಳು, ಇಟಲಿಯವರು, ಹಂಗೇರಿಯವರು, ರಷ್ಯದವರು ಎಲ್ಲರಲ್ಲೂ ಮುಕ್ಕಾಲಿಗಿಂತ ಹೆಚ್ಚು ಜನ ಮಂದಬುದ್ಧಿ ಅಂತ ಅವನ ತೀರ್ಮಾನ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಕೊಟ್ಟ ಪರೀಕ್ಷೆಗಳನ್ನ ಹಿಡಿದು ಕಾರ್ಲ್ ಬ್ರಿಗ್ಹಮ್ 1923ರಲ್ಲಿ ಒಂದು ಪುಸ್ತಕಾನೇ ಬರೆದ, ಉತ್ತರ ಯುರೋಪಿನವರು ಮೇಲು ಅಂತ. ಮಾರನೇ ವರ್ಷವೇ ಪೂರ್ವ, ದಕ್ಷಿಣ ಯುರೋಪಿನವರನ್ನ ತಡೆಯೋ ವಲಸೆ ಕಾನೂನು ಬಂತು. 1930ರಲ್ಲಿ ಬ್ರಿಗ್ಹಮ್ ತನ್ನ ತೀರ್ಮಾನಗಳಿಗೆ ಬುಡವೇ ಇಲ್ಲ ಅಂತ ತಾನೇ ಬರೆದು ಹಿಂತೆಗೆದುಕೊಂಡ, ಕಾನೂನು ಮಾತ್ರ ದಶಕಗಳ ಕಾಲ ಉಳೀತು. ಇದೇ ಬ್ರಿಗ್ಹಮ್ 1926ರ ಮೊದಲ ಎಸ್‌ಎಟಿ ಪರೀಕ್ಷೆಯನ್ನ (ಇಲ್ಲಿನ ಕಾಲೇಜು ಪ್ರವೇಶದ್ದು) ರೂಪಿಸಿದವನು. ನಮ್ಮ ಮಕ್ಕಳು ಬೆವರು ಸುರಿಸೋದು ಅದಕ್ಕೇ! ಇವತ್ತು ಅಮೆರಿಕದಲ್ಲಿ ಯಹೂದಿಗಳನ್ನ ದಡ್ಡರು ಅಂತ ಯಾರಾದರೂ ಅಂತಾರಾ? ಒಂದೆರಡು ತಲೆಮಾರಿನಲ್ಲಿ ರಕ್ತ ಬದಲಾಗುತ್ತಾ?

ಬಾಲ್ಕನಿ ಟಿಕೆಟ್

ದಾಸಯ್ಯನವರ ತಾರೀಖುಗಳ ಪಕ್ಕ ಸಿನಿಮಾ ಇಟ್ಟು ನೋಡಿ, ಮಜಾ ಇದೆ. 1968ರ ‘ದಿ ಪಾರ್ಟಿ’ಯಲ್ಲಿ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು, ಹೋದಲ್ಲೆಲ್ಲ ಎಡವಟ್ಟು ಮಾಡೋ ಭಾರತೀಯ ನಟನಾದ. 1984ರ ಇಂಡಿಯಾನಾ ಜೋನ್ಸ್‌ನಲ್ಲಿ ನಾವು ಮಂಗನ ಮಿದುಳು ತಿನ್ನೋರು. 1990ರಲ್ಲಿ ‘ಸಿಂಪ್ಸನ್ಸ್’ ಕಾರ್ಟೂನಿನ ಅಪು, ದಿನಸಿ ಅಂಗಡಿಯವನು. ಆದರೆ ಗಮನಿಸಿ, ಕತೆಯಲ್ಲಿ ಅವನು ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿ! 2007ಕ್ಕೆ ‘ಬಿಗ್ ಬ್ಯಾಂಗ್ ಥಿಯರಿ’ಯ ರಾಜ್, ಖಗೋಳ ವಿಜ್ಞಾನಿ. ಹೆಣ್ಣುಮಕ್ಕಳ ಎದುರು ಬಾಯಿ ಬಿಡೋಕಾಗಲ್ಲ. 65ರ ಕಾನೂನಿನಲ್ಲಿ ಬಂದವರು ಪರದೆ ಮೇಲೆ ವಿಜ್ಞಾನಿ ಆಗೋಕೆ ನಲವತ್ತು ವರ್ಷ ಹಿಡೀತು. ಸಿನಿಮಾ ವೀಸಾದ ಹಿಂದೆ ತೆವಳಿಕೊಂಡು ಬರೋದು, ಮುಂದೆ ಹೋಗೋದಲ್ಲ.

ಜಾಣ ಅಂತ ಒಪ್ಪಿದ ಮೇಲೂ ಗಂಡಸುತನ ಕಿತ್ತುಕೊಂಡ್ರು ನೋಡಿ. ಅಪುಗೆ ದನಿ ಕೊಡ್ತಿದ್ದ ಬಿಳಿ ನಟ ಹ್ಯಾಂಕ್ ಅಜಾರಿಯಾ 2020ರಲ್ಲಿ ಇನ್ನು ನಾನು ಕೊಡಲ್ಲ ಅಂದ. ಮೂವತ್ತು ವರ್ಷ ನಗಿಸಿದ ಮೇಲೆ.

ರಾಮಾನುಜನ್ ಸಿನಿಮಾದ ಬಗ್ಗೆ ನನಗೆ ಬೇರೆ ತಕರಾರು. ದೇವಿ ನಾಮಗಿರಿ ಕನಸಲ್ಲಿ ಬಂದು ಸೂತ್ರ ಹೇಳಿದಳು ಅನ್ನೋ ಭಾಗ ಪಶ್ಚಿಮದವರಿಗೆ ಬಹಳ ರುಚಿ. ಅದೇ ಹುಡುಗ ಕುಂಭಕೋಣದಲ್ಲಿ ಜಾರ್ಜ್ ಕಾರ್ ಅನ್ನೋ ಇಂಗ್ಲಿಷ್ ಮೇಷ್ಟ್ರು ಬರೆದ ಸಾವಿರಾರು ಪ್ರಮೇಯಗಳ ಪುಸ್ತಕ ಹಿಡಿದು ವರ್ಷಗಟ್ಟಲೆ ಸ್ಲೇಟಿನ ಮೇಲೆ ದುಡಿದ. ಅದು ಸಿನಿಮಾಕ್ಕೆ ಒಗ್ಗಲ್ಲ. ಬಿಳಿಯನಾದರೆ ಯೋಚನೆ, ನಮ್ಮವನಾದರೆ ವರ.

ಗಾಂಧಿಬಜಾರ್ ಗುಂಡಣ್ಣ

ರಾಮಾನುಜನ್ನರೇ ಹೇಳಿಕೊಂಡಿದ್ದು ಸ್ವಾಮಿ, ದೇವಿ ಕೃಪೆ ಅಂತ. ಅದನ್ನೂ ಬೇಡ ಅಂತೀರಾ?

ಸುಳ್ಯದವ, ಸಿಂಗಪುರ

ನಮ್ಮ ಸಿಂಗಪುರದ್ದು ಹೇಳ್ತೇನೆ ಮಾರಾಯ್ರೆ. 2022ರ ಪೀಸಾದಲ್ಲಿ ಗಣಿತ, ಓದು, ವಿಜ್ಞಾನ ಮೂರರಲ್ಲಿಯೂ ಇವರದ್ದೇ ಮೊದಲ ಸ್ಥಾನ. ಪ್ರಪಂಚ ಇಡೀ ‘ಸಿಂಗಪುರ್ ಮ್ಯಾತ್ಸ್’ ಅಂತ ಪುಸ್ತಕ ತೆಗೊಳ್ತದೆ. ಇಂಥ ಊರಿನಲ್ಲಿ 2002ರಲ್ಲಿ ಜೋರು ಓಡಿದ ಸಿನಿಮಾದ ಹೆಸರು ಎಂತ ಗೊತ್ತುಂಟಾ? ‘ಐ ನಾಟ್ ಸ್ಟುಪಿಡ್’. ಜ್ಯಾಕ್ ನಿಯೋ ಮಾಡಿದ್ದು. ಆಗ ಇಲ್ಲಿ ಪ್ರೈಮರಿ ನಾಲ್ಕು ಮುಗಿಯುವಾಗ ಪರೀಕ್ಷೆ ಮಾಡಿ ಮಕ್ಕಳನ್ನು ಇಎಮ್ ಒಂದು, ಎರಡು, ಮೂರು ಅಂತ ಬೇರೆ ಬೇರೆ ಮಾಡ್ತಿದ್ದರು. ಹತ್ತು ವರ್ಷದ ಮಗುವಿಗೆ. ಇಎಮ್ ಮೂರು ಅಂದ್ರೆ ದಡ್ಡ ಅಂತ ಊರಿಗೇ ಗೊತ್ತಾಗುದು. ಆ ಸಿನಿಮಾ ಅಂಥ ಮೂರು ಹುಡುಗರ ಕತೆ. ಒಬ್ಬನಿಗೆ ಚಿತ್ರ ಬಿಡಿಸ್ಲಿಕ್ಕೆ ಬರ್ತದೆ, ಅಮ್ಮನಿಗೆ ಗಣಿತದ ಮಾರ್ಕು ಬೇಕು. ನಗಾಡ್ಲಿಕ್ಕೆ ಉಂಟು, ಆದರೆ ನಗಾಡಿ ಮುಗಿಯುವಾಗ ಹೊಟ್ಟೆಯೊಳಗೆ ಸಂಕಟ. 2008ರಲ್ಲಿ ಆ ಇಎಮ್ ಮೂರು ತೆಗೆದರು. ಸಿನಿಮಾದಿಂದಲೇ ಅಂತ ಹೇಳ್ಲಿಕ್ಕಾಗುದಿಲ್ಲ, ಆದರೆ ಊರಿಡೀ ಮಾತಾಡ್ಲಿಕ್ಕೆ ಒಂದು ಎಡೆ ಆಯ್ತು.

‘ತ್ರೀ ಈಡಿಯಟ್ಸ್’ ಹಾಂಗ್‌ಕಾಂಗ್, ತೈವಾನ್, ಚೀನಾ, ಕೊರಿಯಾದಲ್ಲಿ ಹಾಗೆ ಹಿಡಿಸಿದ್ದು ಕೂಡ ಇದಕ್ಕೇ. ಹಾಡು ಡ್ಯಾನ್ಸಿಗೆ ಅಲ್ಲ.

ಬಾಲ್ಕನಿ ಟಿಕೆಟ್

ಸುಳ್ಯದವರ ಮಾತಿಗೆ ಸೇರಿಸ್ತೀನಿ. ಚೀನಾದಲ್ಲಿ ಗೆದ್ದ ನಮ್ಮ ಸಿನಿಮಾಗಳ ಪಟ್ಟಿ ತೆಗೀರಿ. ‘ತ್ರೀ ಈಡಿಯಟ್ಸ್’ 2011ರಲ್ಲಿ. ‘ದಂಗಲ್’ 2017ರ ಮೇ ತಿಂಗಳಲ್ಲಿ, ಸುಮಾರು 130 ಕೋಟಿ ಯುವಾನ್ ದುಡೀತು, ಭಾರತದಲ್ಲಿ ಗಳಿಸಿದ್ದಕ್ಕಿಂತ ಬಹಳ ಹೆಚ್ಚು. 2018ರಲ್ಲಿ ‘ಹಿಂದಿ ಮೀಡಿಯಮ್’, ಮಗಳನ್ನ ಒಳ್ಳೇ ಶಾಲೆಗೆ ಸೇರಿಸೋಕೆ ಬಡವರ ವೇಷ ಹಾಕೋ ಅಪ್ಪ ಅಮ್ಮನ ಕತೆ. ಎಲ್ಲದರಲ್ಲೂ ಮಕ್ಕಳನ್ನ ಏನೋ ಮಾಡಬೇಕು ಅಂತ ಹೊರಟ ಹೆತ್ತವರು ಅಥವಾ ಮೇಷ್ಟ್ರು. ಅಲ್ಲಿ ಒಳ್ಳೇ ಶಾಲೆಯ ವ್ಯಾಪ್ತಿಯಲ್ಲಿ ಮನೆ ಇದ್ದರೆ ಬೆಲೆ ಆಕಾಶಕ್ಕೆ. ಜೂನಿನಲ್ಲಿ ಕಾಲೇಜು ಪ್ರವೇಶದ ಗಾವ್‌ಕಾವ್ ಪರೀಕ್ಷೆ, 2024ರಲ್ಲಿ 1.3 ಕೋಟಿಗೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ರು. ಅದೇ ಸಂಕಟವನ್ನ ಇನ್ನೊಂದು ದೇಶದ ಹೆಸರಲ್ಲಿ ತೋರಿಸಿದರೆ ಸೆನ್ಸಾರಿಗೂ ತೊಂದರೆಯಿಲ್ಲ, ನೋಡೋರಿಗೂ ಅಳು ಬರುತ್ತೆ.

ಅಂದ್ರೆ ಪುಸ್ತಕದಂಗಡಿಯಲ್ಲಿ ‘ಇಂಡಿಯನ್ ಲೆಕ್ಕ’ ಕೊಳ್ತಾರೆ, ಥಿಯೇಟರಿನಲ್ಲಿ ಇಂಡಿಯಾದ ಓದು ಮಕ್ಕಳನ್ನ ಸಾಯಿಸುತ್ತೆ ಅನ್ನೋ ಸಿನಿಮಾ ನೋಡಿ ಕಣ್ಣೊರೆಸಿಕೊಳ್ತಾರೆ. ಜಪಾನಿನಲ್ಲೂ ‘ತ್ರೀ ಈಡಿಯಟ್ಸ್’ 2013ರಲ್ಲಿ ಚೆನ್ನಾಗಿ ಓಡ್ತು ಅಲ್ವಾ ನಿವಾಸಿಗಳೇ?

ನಿಶಿಕಸಾಯ್ ನಿವಾಸಿ

ಓಡ್ತು. ಜಪಾನಿನವರದ್ದೇ ಇಂಥ ಕತೆಗಳು ಬೇಕಾದಷ್ಟಿವೆ. 2005ರ ‘ಡ್ರ್ಯಾಗನ್ ಜಕುರಾ’ ಧಾರಾವಾಹಿಯಲ್ಲಿ ಹಳೇ ಪುಂಡ ವಕೀಲನೊಬ್ಬ ಅತಿ ಕಳಪೆ ಶಾಲೆಯ ಮಕ್ಕಳನ್ನ ಟೋಕಿಯೊ ವಿಶ್ವವಿದ್ಯಾಲಯಕ್ಕೆ ತಯಾರು ಮಾಡ್ತಾನೆ. ಆದ್ರೆ ನೋಡಿ, ಅದು ಪರೀಕ್ಷೆಯನ್ನ ಬೈಯೋದಿಲ್ಲ. ನಿಯಮ ಮಾಡಿದೋರ ಕೈಗೆ ಸಿಗಬಾರದು ಅಂದ್ರೆ ಓದಿ ಗೆಲ್ಲು ಅನ್ನುತ್ತೆ. ನನಗೆ ‘ತ್ರೀ ಈಡಿಯಟ್ಸ್’ಗಿಂತ ಅದೇ ಪ್ರಾಮಾಣಿಕ ಅನ್ನಿಸ್ತು. ನಮ್ಮ ಹೀರೊ ಮಾರ್ಕಿಗೆ ಓದಬೇಡಿ ಅಂತ ಭಾಷಣ ಬಿಗಿದು ತಾನು ಮಾತ್ರ ಫಸ್ಟ್ ರ್‍ಯಾಂಕ್ ಬರ್ತಾನೆ.

ಸನ್ನಿವೇಲ್ ಅಮ್ಮ

ಓದ್ತಾ ಇದ್ದೆ, ಸುಮ್ಮನಿರೋಕಾಗಲಿಲ್ಲ. ಹೊಗಳಿಕೆಯ ಈ ಹಣೆಪಟ್ಟಿಯಿಂದ ಯಾರಿಗೇನು ನಷ್ಟ ಅಂತ ಇಲ್ಲಿ ಯಾರೂ ಕೇಳಿಲ್ಲ. ನನ್ನ ಮಗಳಿಗೆ ಗಣಿತ ತಲೆಗೆ ಹತ್ತಲ್ಲ. ಭಿನ್ನರಾಶಿಯಲ್ಲಿ ಹಿಂದೆ ಬಿದ್ದಾಗ ಹೆಚ್ಚಿನ ಪಾಠಕ್ಕೆ ಹಾಕಿ ಅಂತ ಇಲ್ಲಿನ ಅಮೆರಿಕನ್ ಶಾಲೆಯಲ್ಲಿ ಕೇಳಿದೆ. ‘ಮನೆಯಲ್ಲಿ ನೀವೇ ಹೇಳಿಕೊಡ್ತೀರಲ್ಲ, ಬೇಗ ಸರಿಹೋಗ್ತಾಳೆ’ ಅಂತ ನಕ್ಕು ಕಳಿಸಿದ್ರು. ಬೇರೆ ಮಗುವಾಗಿದ್ದರೆ ಆ ವಾರವೇ ಸೇರಿಸ್ತಿದ್ರು. ನಾನು ಓದಿದ್ದು ಕನ್ನಡ ಎಂಎ, ಮೈಸೂರಿನಲ್ಲಿ. ಭಿನ್ನರಾಶಿ ನನಗೂ ಅಷ್ಟಕ್ಕಷ್ಟೆ!

ನಮ್ಮವರ ಪಾರ್ಟಿಗಳಲ್ಲಿ ಇನ್ನೂ ಕಷ್ಟ. ಸ್ಪೆಲಿಂಗ್ ಬೀ (ಇಂಗ್ಲಿಷ್ ಪದಗಳ ಕಾಗುಣಿತದ ಸ್ಪರ್ಧೆ) ಬಗ್ಗೆಯೇ ಮಾತು. 2019ರಲ್ಲಿ ಎಂಟು ಮಕ್ಕಳು ಜಂಟಿಯಾಗಿ ಗೆದ್ದರಲ್ಲ, ಅದರಲ್ಲಿ ಏಳು ನಮ್ಮ ಮೂಲದವರು. ನಮ್ಮ ಸಮುದಾಯವೇ ಅದಕ್ಕೆ ತರಬೇತಿ, ಸ್ಪರ್ಧೆ ಅಂತ ವರ್ಷಗಟ್ಟಲೆ ಕಟ್ಟಿದೆ. ಬಾಸ್ಕೆಟ್‌ಬಾಲಿಗೆ ಕೋಚಿಂಗ್ ಇದ್ದ ಹಾಗೆ ಇದಕ್ಕೂ ಇದೆ ಅಂತ ಹೇಳಿದರೆ ಮುಗೀತು. ಅದನ್ನ ಬಿಟ್ಟು ‘ನಮ್ಮ ಮಕ್ಕಳ ಬುದ್ಧಿಯೇ ಹಾಗೆ’ ಅಂತ ನನ್ನ ಮಗಳ ಎದುರಿಗೇ ಹೇಳ್ತಾರೆ. ಹಾಗಾದ್ರೆ ಅವಳು ಯಾರ ಮಗಳು?

ನಿರ್ವಾಹಕ

ಇಲ್ಲಿದ್ದ ಎರಡು ಸರ್ದಾರ್‌ಜಿ ಜೋಕುಗಳನ್ನ ತೆಗೆದಿದ್ದೇನೆ. ಈ ವಿಷಯದ ಕೆಳಗೇ ಅದನ್ನ ಹಾಕೋ ಧೈರ್ಯ ಬಂದಿದ್ದಕ್ಕೆ ಮೆಚ್ಚಬೇಕು.

ಡಲ್ಲಾಸ್ ದಾಸಯ್ಯ

ತೆಗೆದಿದ್ದು ಸರಿ, ಆದರೆ ವಿಷಯಕ್ಕೆ ಹೊರತಲ್ಲ. ಇಂಗ್ಲಿಷರು ಐರಿಷರ ಮೇಲೆ, ಫ್ರೆಂಚರು ಬೆಲ್ಜಿಯನ್ನರ ಮೇಲೆ, ಅಮೆರಿಕದವರು ಪೋಲಿಷರ ಮೇಲೆ ಇದೇ ಜೋಕು ಕಟ್ಟಿದ್ರು, ಹೆಸರು ಮಾತ್ರ ಬೇರೆ. ಕ್ರಿಸ್ಟಿ ಡೇವಿಸ್ ಅನ್ನೋ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಇಂಥವನ್ನ ದೇಶದೇಶಗಳಿಂದ ಕಲೆಹಾಕಿ ನೋಡಿದ. ದಡ್ಡ ಅನ್ನಿಸಿಕೊಳ್ಳೋನು ದೂರದ ಅಪರಿಚಿತನಲ್ಲ, ಅಂಚಿನಲ್ಲಿರೋ ಹತ್ತಿರದ ನಂಟ. ನುಡಿ ಒಂಚೂರು ಬೇರೆ, ಕೆಲಸ ಮೈಮುರಿಯೋದು. ಪೋಲೆಂಡಿನ ಗಣಿತಜ್ಞ ರೆಯೆವ್‌ಸ್ಕಿ ಜರ್ಮನರ ಎನಿಗ್ಮಾ ಗುಪ್ತಲಿಪಿಯನ್ನ 1932ರಲ್ಲೇ ಭೇದಿಸಿದ್ದು ಆ ಜೋಕುಗಳನ್ನ ಏನೂ ತಡೀಲಿಲ್ಲ. ಐರ್ಲೆಂಡಿನ ಮಕ್ಕಳು 2022ರ ಪೀಸಾದಲ್ಲಿ ಓದಿನಲ್ಲಿ ಸಿಂಗಪುರದ ಹಿಂದೆಯೇ ಎರಡನೇ ಸ್ಥಾನ. ಇಂಗ್ಲೆಂಡಿಗಿಂತ ಮುಂದೆ.

ಧಾರವಾಡದ ಮಾಸ್ತರ

ಹತ್ತಿರದ ನಂಟ ಅಂದ್ರಲ್ಲ, ಕನ್ನಡ ಸಿನಿಮಾದಾಗ ಆ ನಂಟ ನಾವ! ಹೀರೋ ಬೆಂಗಳೂರು ಕನ್ನಡ, ಮನಿ ಆಳು, ಪೊಲೀಸ್ ಪ್ಯಾದಿ, ಪೆದ್ದ ಗೆಳೆಯಾ ಬಂದ್ರ ‘ಏನ್ರೀ ಯಪ್ಪಾ’. ನಮ್ಮ ಮಾತು ಕೇಳಿದ ಕೂಡಲೆ ನಗೂದು ಟಾಕೀಜಿನ್ಯಾಗ ರೂಢಿ ಆಗ್ಯದ. ನಾ ಬಿಎಡ್ ತರಬೇತಿಗೆ ಬೆಂಗಳೂರಿಗೆ ಬಂದಾಗ ಪಾಠ ಶುರು ಮಾಡೂಕಿಂತ ಮೊದಲ ಹಿಂದಿನ ಬೆಂಚಿನವರು ಕಿಸಕ್ಕಂದ್ರು.

ಸುಳ್ಯದವ, ಸಿಂಗಪುರ

ನಮ್ಮದೂ ಹಾಗೆಯೇ ಅಲ್ವಾ ಮಾಸ್ಟ್ರೇ. ‘ಎಂತ ಮಾರಾಯ’ ಅಂದ್ರೆ ಹೋಟೆಲಿನ ಮಾಣಿ ಅಥವಾ ಜಿಪುಣ ಭಟ್ರು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಹೀರೊ ಕೂಡ ಕರಾವಳಿ ಕನ್ನಡ ಮಾತಾಡಬಹುದು ಅಂತ ಆಯ್ತು. ಈಗ ಇನ್ನೊಂದು ತಲೆಬಿಸಿ. ನಾನು ಕರಾವಳಿಯವ ಅಂತ ಗೊತ್ತಾದರೆ ನಿಮಗೆ ದೈವ ಬರ್ತದಾ ಅಂತ ಕೇಳ್ತಾರೆ.

ಹೆಸರಘಟ್ಟ ರಸ್ತೆ

ನಮ್ಮನ್ನ ಅವರು ಹೇಗೆ ನೋಡ್ತಾರೆ ಅಂತಾನೇ ಎಲ್ಲರೂ ಬರೀತಿದ್ದೀರಿ. ನಮ್ಮ ಏರಿಯಾ ಕಡೆ ಬನ್ನಿ. ಫಾರ್ಮಸಿ, ಕಂಪ್ಯೂಟರ್ ಓದೋಕೆ ಆಫ್ರಿಕಾದ ಹತ್ತಾರು ದೇಶಗಳಿಂದ ಬಂದ ಹುಡುಗ ಹುಡುಗಿಯರಿದ್ದಾರೆ. ಅವರಿಗೂ ಜರಡಿಯೇ, ಮನೆಯವರು ದುಡ್ಡು ಹೊಂದಿಸಿ, ಮಾರ್ಕು ನೋಡಿ ಕಳಿಸಿರ್ತಾರೆ. ಆದರೆ ನಮ್ಮ ಸಿನಿಮಾದಲ್ಲಿ ಆಫ್ರಿಕಾದವರು ಅಂದ್ರೆ ಡ್ರಗ್ಸ್ ಮಾರೋನು, ವಿಲನ್ ಹಿಂದೆ ನಿಲ್ಲೋ ಧಾಂಡಿಗ. ಓದ್ತಿರೋ ಒಬ್ಬನನ್ನ ತೋರಿಸಿದ್ದು ನೋಡಿದೀರಾ? 2016ರ ಜನವರಿಯಲ್ಲಿ ಸುಡಾನಿನ ಒಬ್ಬನ ಕಾರು ಅಪಘಾತ ಮಾಡ್ತು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನ ಗುಂಪು ಹಿಡಿದು ಹೊಡೀತು, ಕಾರಿಗೆ ಬೆಂಕಿ ಇಟ್ಟರು. ಬೇರೆ ದೇಶ, ಬೇರೆ ಮನುಷ್ಯ. ಬಣ್ಣ ಒಂದೇ ಅನ್ನೋದಷ್ಟೆ.

ನೈಜೀರಿಯಾದ ಕಾನೋ ಊರಿನ ಕಡೆ ಹೌಸಾ ಜನ ದಶಕಗಳಿಂದ ಹಿಂದಿ ಸಿನಿಮಾ ನೋಡಿ, ಆ ರಾಗಗಳಿಗೆ ತಮ್ಮ ಭಾಷೆಯ ಹಾಡು ಕಟ್ಟಿ ಹಾಡ್ತಾರೆ. ಅವರಿಗೆ ನಮ್ಮ ಬಗ್ಗೆ ಗೊತ್ತಿರೋದು ಸಿನಿಮಾದ ಅಮ್ಮ, ಅಣ್ಣ, ಮರ್ಯಾದೆ. ಅಲ್ಲಿಂದ ಬಂದವನಿಗೆ ಇಲ್ಲಿ ಬಾಡಿಗೆ ಮನೆ ಕೊಡಲ್ಲ.

ಗಾಂಧಿಬಜಾರ್ ಗುಂಡಣ್ಣ

ಅದು ತಪ್ಪೇ. ಒಪ್ತೀನಿ. ಆದರೂ ಸೊನ್ನೆ ನಮ್ಮದು.

ಧಾರವಾಡದ ಮಾಸ್ತರ

ನಮ್ದ ರೀ. ಪೀಸಾದಾಗೂ ಅದರ ಹತ್ತಿರ ಹೋಗಿ ಬಂದೀವಿ.

ಸುಳ್ಯದವರ, ಆ ಸಿಂಗಪುರದ ಸಿನಿಮಾ ಎಲ್ಲಿ ಸಿಗ್ತದ? ಹುಡುಗೂರಿಗಲ್ಲ, ಪಾಲಕರ ಸಭಾದಾಗ ತೋರಸ್ಬೇಕು ಅಂತ. ಮಗಳು ಪಿಯುಸಿ ಸೈನ್ಸ್ ತಗೊಳ್ಳಲಿಲ್ಲ ಅಂತ ಮೊನ್ನೆ ಒಬ್ಬರು ಸ್ಟಾಫ್ ರೂಮಿನ್ಯಾಗ ಬಂದು ಅತ್ತು ಹೋದ್ರು.

ಸುಳ್ಯದವ, ಸಿಂಗಪುರ

ಇಲ್ಲಿ ಡಿವಿಡಿ ಸಿಕ್ಕಿದರೆ ಕಳಿಸ್ತೇನೆ. ಮಾತು ಮ್ಯಾಂಡರಿನ್, ಹೊಕ್ಕಿಯೆನ್, ಇಂಗ್ಲಿಷ್ ಎಲ್ಲ ಮಿಕ್ಸ್ ಉಂಟು. ಸಬ್‌ಟೈಟಲ್ ಇಂಗ್ಲಿಷಿನದ್ದು.

ಧಾರವಾಡದ ಮಾಸ್ತರ

ನಡೀತದ್ರಿ. ನಾ ಬಾಜೂಕ ನಿಂತು ಧಾರವಾಡ ಕನ್ನಡದಾಗ ಹೇಳ್ಕೋತ ಹೋಗ್ತೀನಿ. ಇಲ್ಲಿ ಅದಕ್ಕ ಯಾರೂ ನಗೂದಿಲ್ಲ.